ಮೊದಲು ಬಾಯಿ ನೋಡಿ

(ಮುಂಬೈಯ ಮಾಟುಂಗಾದಲ್ಲಿ ಕನ್ನಡಿಗರ ತಿಂಗಳ ಸಭೆಯಲ್ಲಿ, ಆರು ಕಾಲಿನ ಜೀವಿಗಳ ವರ್ಗೀಕರಣದ ಬಗ್ಗೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಸಯನ್ ಹತ್ತಿರ ನೀರು ನಿಂತಿದೆ, ಲೋಕಲ್ ಲೇಟು, ಆದರೂ ಇಷ್ಟು ಜನ ಬಂದಿದ್ದೀರಿ. ಅದಕ್ಕೆ ಪೀಠಿಕೆ ಹಾಕದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮಳೆಗಾಲ ಬಂತೆಂದರೆ ನಮ್ಮ ಊರಿನ ಸೊಸೈಟಿಗಳ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಬೀಳುತ್ತದೆ. ಬಾತ್‌ರೂಮಿನಲ್ಲಿ ಸಣ್ಣ ಹುಳ ಜಾಸ್ತಿಯಾಗಿದೆ, ಭಾನುವಾರ ಪೆಸ್ಟ್ ಕಂಟ್ರೋಲ್, ಎಲ್ಲರೂ ಮನೆಯಲ್ಲಿರಿ. ನಮ್ಮ ಕಟ್ಟಡದಲ್ಲೂ ಬಿತ್ತು. ಯಾವ ಹುಳ ಅಂತ ಕಮಿಟಿಯವರನ್ನು ಕೇಳಿದೆ. ಹುಳ ಅಂದರೆ ಹುಳ ಸಾರ್, ಅಂದರು. ಯಾರೂ ಕೂತು ನೋಡಿರಲಿಲ್ಲ. ಮೋರಿಯ ಅಂಚಿನಿಂದ ಒಂದನ್ನು ಒದ್ದೆ ಬ್ರಷ್ಷಿನಲ್ಲಿ ಎತ್ತಿ ಬಿಳಿ ತಟ್ಟೆಗೆ ಹಾಕಿ ಲೆನ್ಸ್ ಹಿಡಿದೆ. ಎಳ್ಳಿಗಿಂತ ಚಿಕ್ಕದು, ಬೂದು ಬಣ್ಣ, ರೆಕ್ಕೆ ಇಲ್ಲ. ಮುಟ್ಟಿದ ಕೂಡಲೇ ಟಪ್ ಅಂತ ಹಾರಿ ತಟ್ಟೆಯ ಆಚೆ ಬಿತ್ತು. ಅದು ಸ್ಪ್ರಿಂಗ್‌ಟೇಲ್. ಕಚ್ಚುವುದಿಲ್ಲ, ಕುಟುಕುವುದಿಲ್ಲ, ಬಟ್ಟೆ ತಿನ್ನುವುದಿಲ್ಲ, ಯಾವ ರೋಗವನ್ನೂ ಹರಡುವುದಿಲ್ಲ. ಗೋಡೆ ಒದ್ದೆಯಾಗಿದೆ, ಅಲ್ಲಿ ಬೂಸ್ಟು ಹಿಡಿದಿದೆ, ಅದನ್ನು ತಿನ್ನಲು ಬಂದಿದೆ. ಪೈಪು ಸೋರುವುದನ್ನು ನಿಲ್ಲಿಸಿ, ಗೋಡೆ ಒಣಗಿದರೆ ತಾನೇ ಹೋಗುತ್ತದೆ ಎಂದು ಹೇಳಿದೆ. ಭಾನುವಾರ ಮದ್ದು ಹೊಡೆದರು. ಪೈಪು ಈಗಲೂ ಸೋರುತ್ತಿದೆ. ಹುಳವೂ ಇದೆ.

ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ. ವರ್ಗೀಕರಣ ಎಂದ ಕೂಡಲೇ ಎಲ್ಲರಿಗೂ ಹತ್ತನೇ ಕ್ಲಾಸಿನ ಬಾಯಿಪಾಠ ನೆನಪಾಗುತ್ತದೆ. ಫೈಲಮ್, ಕ್ಲಾಸ್, ಆರ್ಡರ್, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವ ಪಟ್ಟಿ. ಆ ನೆನಪನ್ನು ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಮುಂದಿರುವ ಹುಳ ಏನು ಮಾಡಬಲ್ಲದು, ಏನು ಮಾಡಲಾರದು ಎನ್ನುವುದು ಅದು ಯಾವ ಮನೆತನದ್ದು ಎನ್ನುವುದರಲ್ಲೇ ಇದೆ. ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಮೊದಲು ಯಾವ ಬಳಿ, ಯಾವ ಗೋತ್ರ ಅಂತ ಕೇಳುತ್ತಾರಲ್ವಾ, ಹಾಗೆಯೇ ಇದು. ಹುಳವನ್ನು ಬಾಯಿಬಿಟ್ಟು ಕೇಳಲು ಆಗುವುದಿಲ್ಲ, ಅದರ ಮೈಯಲ್ಲೇ ಓದಬೇಕು. ಎಲ್ಲಿಂದ ಓದಬೇಕು ಎಂದರೆ ನನ್ನ ಉತ್ತರ ಒಂದೇ. ಮೊದಲು ಬಾಯಿ ನೋಡಿ.

ಈ ಮಾತು ನನ್ನದಲ್ಲ, 250 ವರ್ಷ ಹಳೆಯದು. ಆದರೆ ಅದಕ್ಕೂ ಮೊದಲು ಲಿನಿಯಸ್ ಇದ್ದಾರೆ.

ಸ್ವೀಡನ್ನಿನ ಲಿನಿಯಸ್ 1758ರಲ್ಲಿ ತಮ್ಮ ಪ್ರಾಣಿಗಳ ಪಟ್ಟಿಯನ್ನು ಹೊಸದಾಗಿ ಬರೆದರು. ಇವತ್ತಿಗೂ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಅವರು ಕೀಟಗಳನ್ನು ರೆಕ್ಕೆ ನೋಡಿ ಏಳು ಗುಂಪು ಮಾಡಿದರು. ಗಟ್ಟಿ ಮುಚ್ಚಳದಂಥ ರೆಕ್ಕೆ ಇದ್ದರೆ ಒಂದು ಗುಂಪು, ಪುಡಿ ಉದುರುವ ರೆಕ್ಕೆ ಇದ್ದರೆ ಇನ್ನೊಂದು, ಎರಡೇ ರೆಕ್ಕೆ ಇದ್ದರೆ ಮತ್ತೊಂದು. ಒಳ್ಳೆಯ ಕೆಲಸ. ದುಂಬಿ, ಚಿಟ್ಟೆ, ನೊಣ, ಜೇನು ಎಲ್ಲ ಸರಿಯಾದ ಜಾಗದಲ್ಲಿ ಬಂದು ಕೂತವು, ಆ ಗುಂಪುಗಳು ಇವತ್ತಿಗೂ ನಿಂತಿವೆ. ತೊಂದರೆ ಬಂದದ್ದು ಏಳನೇ ಗುಂಪಿನಲ್ಲಿ. ರೆಕ್ಕೆಯೇ ಇಲ್ಲದವು. ಅದರೊಳಗೆ ಹೇನು, ಚಿಗಟ, ಗೆದ್ದಲು, ಸ್ಪ್ರಿಂಗ್‌ಟೇಲ್, ಜೇಡ, ಚೇಳು, ಜರಿ, ಚೋರಟೆ, ಕೊನೆಗೆ ಏಡಿ ಕೂಡ ಹೋಗಿ ಸೇರಿಕೊಂಡವು! ಹೇನು ಮತ್ತು ಏಡಿ ಒಂದೇ ಮನೆಯಲ್ಲಿ. ಇಲ್ಲದ ಒಂದು ವಸ್ತುವನ್ನು ನೋಡಿ ಗುಂಪು ಮಾಡಿದರೆ ಹೀಗೇ ಆಗುತ್ತದೆ. ರೆಕ್ಕೆ ಯಾವತ್ತೂ ಇಲ್ಲದ್ದು, ಇದ್ದು ಕಳೆದುಕೊಂಡದ್ದು ಎರಡೂ ಒಂದೇ ಥರ ಕಾಣುತ್ತವೆ. ಚಿಗಟದ ಪೂರ್ವಜರಿಗೆ ರೆಕ್ಕೆ ಇತ್ತು. ಸ್ಪ್ರಿಂಗ್‌ಟೇಲಿನ ವಂಶದಲ್ಲಿ ಎಂದೂ ಇರಲಿಲ್ಲ.

ಈಗ ಬಾಯಿಯ ವಿಷಯ. ಲಿನಿಯಸ್ ಹತ್ತಿರ ಕಲಿತ ಒಬ್ಬ ಡ್ಯಾನಿಷ್ ಹುಡುಗ ಫ್ಯಾಬ್ರಿಶಿಯಸ್. 1775ರಲ್ಲಿ ತನ್ನ ಗ್ರಂಥ ಹೊರತಂದ. ರೆಕ್ಕೆ ಬಿಡಿ, ಬಾಯಿ ನೋಡಿ, ಆಹಾರ ಮತ್ತು ಬಾಯಿ ಒಂದೇ ಥರ ಇದ್ದವು ನೆಂಟರು ಎಂಬುದು ಅವನ ವಾದ. ಜೀವಮಾನದಲ್ಲಿ ಹತ್ತಿರ ಹತ್ತಿರ 10,000 ಕೀಟಗಳಿಗೆ ಹೆಸರಿಟ್ಟ. ನಮ್ಮ ದೇಶಕ್ಕೆ ಅವನು ಕಾಲಿಟ್ಟವನಲ್ಲ. ಆದರೆ ತಮಿಳುನಾಡಿನ ತರಂಗಂಬಾಡಿ ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು, ಅಲ್ಲಿ ಕೋನಿಗ್ ಎಂಬ ವೈದ್ಯ ಇದ್ದ, ಅವನೂ ಲಿನಿಯಸ್ ಶಿಷ್ಯನೇ. ಅಲ್ಲಿ ಹಿಡಿದ ಹುಳಗಳು ಹಡಗು ಹತ್ತಿ ಫ್ಯಾಬ್ರಿಶಿಯಸ್ ಮೇಜಿಗೆ ಹೋಗುತ್ತಿದ್ದವು. ನಮ್ಮ ಹೆಜ್ಜೇನು, ತುಡುವೆ, ಕೋಲುಜೇನು ಮೂರಕ್ಕೂ ವೈಜ್ಞಾನಿಕ ಹೆಸರು ಕೊಟ್ಟವನು ಅವನೇ. ಕೋಲುಜೇನಿಗೆ 1787ರಲ್ಲಿ, ಉಳಿದೆರಡಕ್ಕೆ 1793ರಲ್ಲಿ.

ಬಾಯಿ ನೋಡಿದರೆ ಏನು ಸಿಗುತ್ತದೆ? ಕೊಂಕಣದಲ್ಲಿ ಮಾವಿನ ತೋಟ ಇದ್ದವರು ಯಾರಾದರೂ ಇಲ್ಲಿದ್ದರೆ ನಾನು ಹೇಳುವ ಮೊದಲೇ ಅವರಿಗೆ ಗೊತ್ತಿರುತ್ತದೆ. ಎಲೆ ಕಡಿದು ತಿನ್ನುವ ಹುಳಕ್ಕೆ ಎಲೆಯ ಮೇಲೆ ವಿಷ ಬಿದ್ದರೆ ಸಾಕು, ಎಲೆ ಜೊತೆ ಅದೂ ಹೊಟ್ಟೆಗೆ ಹೋಗುತ್ತದೆ. ಹೂವಿನ ಗೊಂಚಲಿನಲ್ಲಿ ಕೂರುವ ಜಿಗಿಹುಳಕ್ಕೆ ಅದು ನಾಟುವುದಿಲ್ಲ. ಅದರ ಬಾಯಿ ಸೂಜಿ. ಮೇಲ್ಮೈಯನ್ನು ದಾಟಿ ಒಳಗಿನ ರಸಕ್ಕೆ ಚುಚ್ಚುತ್ತದೆ, ಮೇಲಿನ ವಿಷ ಅದರ ಹೊಟ್ಟೆಗೆ ಹೋಗುವುದೇ ಇಲ್ಲ. ಕಡಿಯುವ ಬಾಯಿ ಯಾವುದು, ಚುಚ್ಚುವ ಬಾಯಿ ಯಾವುದು ಎಂದು ತಿಳಿಯದೆ ಅಂಗಡಿಗೆ ಹೋಗಿ ಯಾವುದಾದರೂ ಸ್ಟ್ರಾಂಗ್ ಮದ್ದು ಕೊಡಿ ಎಂದು ಕೇಳುವ ರೈತನ ದುಡ್ಡು ಮಣ್ಣಿಗೆ ಹೋಗುತ್ತದೆ, ಜೊತೆಗೆ ಆ ತೋಟದ ಜೇನೂ ಹೋಗುತ್ತದೆ. ಜಿರಳೆ, ಮಿಡತೆ, ದುಂಬಿ ಕಡಿಯುವವು. ತಿಗಣೆ, ಜಿಗಿಹುಳ, ಸಸ್ಯಹೇನು ಚುಚ್ಚುವವು, ಈ ಮೂರೂ ಒಂದೇ ಮನೆತನ. ನೊಣಕ್ಕೆ ಒರೆಸುವ ಬಾಯಿ. ಚಿಟ್ಟೆಗೆ ಸುರುಳಿ ಸುತ್ತಿದ ಕೊಳವೆ.

ಹಾಗಂತ ಬಾಯಿ ಒಂದನ್ನೇ ನಂಬಿದರೂ ಮೋಸ ಹೋಗುತ್ತೀರಿ. ಸೊಳ್ಳೆಯೂ ಚುಚ್ಚುತ್ತದೆ, ತಿಗಣೆಯೂ ಚುಚ್ಚುತ್ತದೆ, ಎರಡಕ್ಕೂ ದೂರದ ಸಂಬಂಧ ಮಾತ್ರ. ಒಂದೇ ಕಸುಬಿಗೆ ಎರಡು ಮನೆಯವರು ಬೇರೆ ಬೇರೆಯಾಗಿ ಬಂದಿದ್ದಾರೆ. ಚಿಟ್ಟೆಯ ಮರಿ ಎಲೆ ಕಡಿಯುತ್ತದೆ, ಅದೇ ಜೀವಿ ದೊಡ್ಡದಾದ ಮೇಲೆ ಮಕರಂದ ಹೀರುತ್ತದೆ. ಆದ್ದರಿಂದ ನಾನು ಮೊದಲು ಬಾಯಿ ನೋಡಿ ಎನ್ನುತ್ತೇನೆ, ಬಾಯಿ ಮಾತ್ರ ನೋಡಿ ಎನ್ನುವುದಿಲ್ಲ. ಬಾಯಿ, ರೆಕ್ಕೆ, ಕಾಲು, ಮೀಸೆ, ಬೆಳೆಯುವ ರೀತಿ, ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಬೇಕು ಎಂದು ಹಟ ಹಿಡಿದವನು ಫ್ರಾನ್ಸಿನ ಪಿಯರ್ ಆಂದ್ರೆ ಲಾತ್ರೇಯ್. ಈಗ ಅವನ ಕಥೆ ಹೇಳಲೇಬೇಕು. ಹಿಂದಿನ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಕೂತಿದ್ದಾರೆ, ಈಗಲೇ ನಗುತ್ತಿದ್ದಾರೆ, ಪ್ರತಿ ವರ್ಷ ಕೇಳಿದ್ದು ಅವರಿಗೆ. ಇನ್ನೊಂದು ಸಲ ಕೇಳಲಿ.

ಲಾತ್ರೇಯ್ 1762ರಲ್ಲಿ ಬ್ರೀವ್ ಎಂಬ ಊರಿನಲ್ಲಿ ಹುಟ್ಟಿದವನು. ಓದಿ ಪಾದ್ರಿಯಾದ. ಮನಸ್ಸೆಲ್ಲ ಹುಳಗಳ ಮೇಲೆ. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ. ಪಾದ್ರಿಗಳೆಲ್ಲ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು ಎಂದು ಆಜ್ಞೆಯಾಯಿತು. ಇವನು ಮಾಡಲಿಲ್ಲ. 1793ರ ನವೆಂಬರಿನಲ್ಲಿ ಹಿಡಿದು ಜೈಲಿಗೆ ಹಾಕಿದರು, ಬೋರ್ಡೋ ಊರಿನಲ್ಲಿ. ಆ ಕಾಲದಲ್ಲಿ ಜೈಲು ಎಂದರೆ ಸಾವು ಹತ್ತಿರವಾಯಿತು ಎಂದೇ ಲೆಕ್ಕ.

ಕತ್ತಲೆಕೋಣೆ, ಒದ್ದೆ ನೆಲ, ಸುತ್ತ ಸಾವಿಗೆ ಕಾಯುತ್ತಿರುವ ಜನ. ಕೈದಿಗಳನ್ನು ನೋಡಲು ಜೈಲಿನ ಡಾಕ್ಟರು ಬರುತ್ತಾನೆ. ಒಬ್ಬ ಪಾದ್ರಿ ನೆಲದ ಮೇಲೆ ಬಗ್ಗಿ ಏನನ್ನೋ ನೋಡುತ್ತಿದ್ದಾನೆ. ಡಾಕ್ಟರಿಗೆ ಆಶ್ಚರ್ಯ. ಏನದು ಎಂದು ಕೇಳುತ್ತಾನೆ. ಒಂದು ದುಂಬಿ, ಬಹಳ ಅಪರೂಪದ್ದು ಎಂದು ಲಾತ್ರೇಯ್ ವಿವರಿಸುತ್ತಾನೆ. ನೀವೇ ಯೋಚಿಸಿ, ತಲೆ ಹೋಗುವ ಹೊತ್ತು, ಅವನ ತಲೆಯಲ್ಲಿ ಓಡುತ್ತಿರುವುದು ಈ ದುಂಬಿ ಯಾವ ಜಾತಿಯದು ಎನ್ನುವ ಪ್ರಶ್ನೆ! ಡಾಕ್ಟರು ಆ ದುಂಬಿಯನ್ನು ತೆಗೆದುಕೊಂಡು ಹೋಗಿ ಊರಿನಲ್ಲಿ ಹುಳ ಕೂಡಿಡುವ ಒಬ್ಬ ಹುಡುಗನಿಗೆ ಕೊಟ್ಟ. ಹುಡುಗನ ವಯಸ್ಸು 15. ಹೆಸರು ಬೋರಿ ದ ಸ್ಯಾಂ ವಿನ್ಸಾಂ, ಮುಂದೆ ಅವನೂ ದೊಡ್ಡ ವಿಜ್ಞಾನಿಯಾದ. ಹುಡುಗನಿಗೆ ಲಾತ್ರೇಯ್ ಕೆಲಸ ಮೊದಲೇ ಗೊತ್ತು. ಓಡಾಡಿ, ಹೇಳಿಸಿ, ಲಾತ್ರೇಯ್‌ನನ್ನು, ಅವನ ಜೊತೆಗೆ ಅದೇ ಕೋಣೆಯ ಇನ್ನೊಬ್ಬನನ್ನು ಬಿಡಿಸಿದ. ಒಂದು ತಿಂಗಳೊಳಗೆ ಉಳಿದ ಕೈದಿಗಳೆಲ್ಲ ಸತ್ತಿದ್ದರು.

ದುಂಬಿ ಯಾವುದು? ನೆಕ್ರೋಬಿಯಾ ರೂಫಿಕಾಲಿಸ್. ಅರ್ಧ ಸೆಂಟಿಮೀಟರಿನಷ್ಟು ಉದ್ದ, ನೀಲಿ ಹೊಳಪಿನ ಬೆನ್ನು, ಕೆಂಪು ಹೆಗಲು. ಒಣ ಮಾಂಸ, ಒಣಮೀನು, ಸತ್ತ ಪ್ರಾಣಿಯ ಚರ್ಮ, ಇವುಗಳಲ್ಲಿ ಇರುತ್ತದೆ. ಇದರ ಹತ್ತಿರದ ನೆಂಟ ಒಬ್ಬ ಕೊಬ್ಬರಿ ಗೋದಾಮಿನ ಹಳೇ ಗಿರಾಕಿ. ಕೊಬ್ಬರಿ ವ್ಯಾಪಾರದವರು ಅದನ್ನು ಖಂಡಿತ ನೋಡಿರುತ್ತೀರಿ, ಬೈದೂ ಇರುತ್ತೀರಿ. ಲಾತ್ರೇಯ್ 1796ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಕೀಟಗಳನ್ನು ಮೊದಲ ಬಾರಿ ಕುಟುಂಬಗಳಾಗಿ ವಿಂಗಡಿಸಿದ ಪುಸ್ತಕ ಅದು. ಇವತ್ತು ನಾವು ಬಳಸುವ ಕುಟುಂಬ ಎಂಬ ಹಂತ ಕೀಟಗಳ ಲೋಕಕ್ಕೆ ಬಂದದ್ದು ಹೀಗೆ, ಆ ಜೈಲಿನಿಂದ ಜೀವಂತ ಹೊರಬಂದವನ ಕೈಯಿಂದ. ಮುಂದಿನ ವರ್ಷ ಮತ್ತೆ ಗೃಹಬಂಧನ, ಪುಸ್ತಕಗಳೆಲ್ಲ ಜಪ್ತಿ. ಆಗ ಕುವಿಯೇ, ಲಮಾರ್ಕ್ ಥರದ ದೊಡ್ಡ ವಿಜ್ಞಾನಿಗಳು ಸೇರಿ ಬಿಡಿಸಿದರು. ಕೊನೆಗೆ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿ ಪ್ರೊಫೆಸರ್ ಆದ, 1833ರಲ್ಲಿ ತೀರಿಕೊಂಡ. ಪ್ಯಾರಿಸ್ಸಿನ ಪೆರ್ ಲಾಶೇಸ್ ಸ್ಮಶಾನದಲ್ಲಿ ಅವನ ಸ್ಮಾರಕದ ಮೇಲೆ, ಈ ದುಂಬಿ ಲಾತ್ರೇಯ್‌ನನ್ನು ಉಳಿಸಿತು ಎಂದು ಲ್ಯಾಟಿನ್ನಿನಲ್ಲಿ ಕೆತ್ತಿದ್ದಾರೆ. ಒಂದು ಹುಳದ ಹೆಸರು ಗೊತ್ತಿದ್ದರಿಂದ ಒಬ್ಬ ಮನುಷ್ಯ ಬದುಕಿದ. ವರ್ಗೀಕರಣದಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನು ಹೇಳದೆ ಬಿಡುವುದಿಲ್ಲ.

ಆರು ಕಾಲಿನವು ಎಲ್ಲವನ್ನೂ ಸೇರಿಸಿ ಹೆಕ್ಸಾಪೋಡಾ ಎಂದು 1825ರಲ್ಲಿ ಕರೆದವನೂ ಲಾತ್ರೇಯ್. ಅಷ್ಟು ಹೊತ್ತಿಗೆ ಲಮಾರ್ಕ್ ಜೇಡ, ಚೇಳು, ಏಡಿಗಳನ್ನು ಕೀಟಗಳಿಂದ ಹೊರಗೆ ತಂದಿದ್ದ. ಲಿನಿಯಸ್ಸಿನ ಆ ಏಳನೇ ಕೋಣೆ ನಿಧಾನವಾಗಿ ಖಾಲಿಯಾಗುತ್ತಿತ್ತು.

ಈಗ ನಮ್ಮ ಬಾತ್‌ರೂಮಿನ ಸ್ಪ್ರಿಂಗ್‌ಟೇಲಿಗೆ ಬರೋಣ. ಆರು ಕಾಲಿದೆ, ಆದರೂ ಕೀಟ ಅಲ್ಲ. ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ಏಕೆ ಅಲ್ಲ? ಮತ್ತೆ ಬಾಯಿ ನೋಡಿ. ಜಿರಳೆ, ಮಿಡತೆ, ದುಂಬಿ ಇವುಗಳ ದವಡೆ ತಲೆಯಿಂದ ಹೊರಗೆ ಕಾಣುತ್ತದೆ. ಸ್ಪ್ರಿಂಗ್‌ಟೇಲಿನ ದವಡೆ ತಲೆಯೊಳಗಿನ ಒಂದು ಚೀಲದಲ್ಲಿ ಮಡಚಿಕೊಂಡಿರುತ್ತದೆ, ತಿನ್ನುವಾಗ ಮಾತ್ರ ಹೊರಬರುತ್ತದೆ. ಹೀಗೆ ಒಳದವಡೆಯ ಮೂರು ಗುಂಪುಗಳಿವೆ. ಒಂದು ಸ್ಪ್ರಿಂಗ್‌ಟೇಲ್‌ಗಳು. ಇನ್ನೊಂದು ಡಿಪ್ಲೂರಾ, ಕಣ್ಣಿಲ್ಲ, ಹಿಂದೆ ಎರಡು ಬಾಲ. ಮೂರನೆಯದು ಪ್ರೋಟೂರಾ, ಇದು ನನಗೆ ಬಹಳ ಪ್ರೀತಿಯದು. ಕಣ್ಣಿಲ್ಲ, ಮೀಸೆಯೂ ಇಲ್ಲ. ಮುಂದಿನ ಎರಡು ಕಾಲನ್ನು ಮೇಲೆತ್ತಿ ಮೀಸೆಯ ಹಾಗೆ ಗಾಳಿಯಲ್ಲಿ ಆಡಿಸುತ್ತ ನಾಲ್ಕು ಕಾಲಲ್ಲಿ ನಡೆಯುತ್ತದೆ. ಪೊರೆ ಬಿಡುವಾಗ ಹೊಟ್ಟೆಗೆ ಹೊಸ ಉಂಗುರ ಸೇರಿಸಿಕೊಂಡು ಬೆಳೆಯುತ್ತದೆ, ಯಾವ ಕೀಟವೂ ಹಾಗೆ ಮಾಡುವುದಿಲ್ಲ. ಇಂಥದ್ದೊಂದು ಜೀವಿ ಇದೆ ಎಂದು 1907ರಲ್ಲಿ ಇಟಲಿಯ ಸಿಲ್ವೆಸ್ಟ್ರಿ ಬರೆಯುವವರೆಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಾಲಡಿಯ ಮಣ್ಣಿನಲ್ಲೇ ಇತ್ತು.

ಸ್ಪ್ರಿಂಗ್‌ಟೇಲ್ ಚಿಕ್ಕದೆಂದು ಹಗುರವಾಗಿ ನೋಡಬೇಡಿ. ಒಳ್ಳೆಯ ಕಾಡಿನ ಒಂದು ಚದರ ಮೀಟರ್ ಮಣ್ಣಿನಲ್ಲಿ ಒಂದು ಲಕ್ಷದವರೆಗೂ ಇರುತ್ತವೆ. ಎಲೆ ಕೊಳೆಯುವುದಕ್ಕೆ, ಮಣ್ಣು ಮಣ್ಣಾಗುವುದಕ್ಕೆ ಇವು ಬೇಕು. ಸ್ಕಾಟ್‌ಲೆಂಡಿನ ರೈನಿ ಎಂಬಲ್ಲಿಯ ಕಲ್ಲಿನಲ್ಲಿ ಸಿಕ್ಕಿದ ಸ್ಪ್ರಿಂಗ್‌ಟೇಲಿಗೆ ಸುಮಾರು 40 ಕೋಟಿ ವರ್ಷ. ಡೈನೋಸಾರ್ ಆಗ ಕನಸಿನಲ್ಲೂ ಇರಲಿಲ್ಲ.

ಇಲ್ಲಿ ಒಂದು ತಮಾಷೆಯ ತಿರುವು ಇದೆ. ಲಿನಿಯಸ್ ಏಡಿಯನ್ನು ಕೀಟದ ಜೊತೆ ಸೇರಿಸಿದ್ದನ್ನು ನೋಡಿ ನಾವೆಲ್ಲ ನಕ್ಕೆವು. ಇಪ್ಪತ್ತನೇ ಶತಮಾನದ ಬಹುಭಾಗ ಪಠ್ಯಪುಸ್ತಕಗಳು ಕೀಟಗಳ ಹತ್ತಿರದ ನೆಂಟರು ಜರಿ, ಚೋರಟೆಗಳು ಎಂದೇ ಹೇಳುತ್ತಿದ್ದವು, ನಾನೂ ಹಾಗೇ ಓದಿದ್ದು. ಆಮೇಲೆ ಡಿಎನ್‌ಎ ಬಂತು. 2010ರ ಹೊತ್ತಿಗೆ ಜೀನ್‌ಗಳ ಲೆಕ್ಕ ಬೇರೆಯೇ ಹೇಳಿತು. ಕೀಟಗಳು ಏಡಿ, ಸಿಗಡಿಗಳ ದೊಡ್ಡ ಮನೆತನದ ಒಳಗೇ ಹುಟ್ಟಿದ ಒಂದು ಕವಲು. ನೀರಿನಿಂದ ನೆಲಕ್ಕೆ ಹತ್ತಿದ ಕವಲು. ಅವುಗಳ ಅತಿ ಹತ್ತಿರದ ನೆಂಟರು ರೆಮಿಪೀಡ್ ಎಂಬ ಕುರುಡು ಜೀವಿಗಳು, ಸಮುದ್ರಕ್ಕೆ ಸೇರಿದ ಗುಹೆಗಳ ಕತ್ತಲೆ ನೀರಿನಲ್ಲಿ ಬೆನ್ನ ಮೇಲಾಗಿ ಈಜುತ್ತವೆ. ಅವನ್ನು ಬಹಾಮಾಸ್ ಗುಹೆಯಿಂದ ತಂದು 1981ರಲ್ಲಿ ಜಗತ್ತಿಗೆ ಪರಿಚಯಿಸಿದವರು ಜಿಲ್ ಯೇಗರ್. ಬಾಂಗ್ಡಾ ಜೊತೆ ಸಿಗಡಿಯನ್ನೂ ಕೊಳ್ಳುವ ನಮ್ಮ ಮೀನು ಪ್ರಿಯರಿಗೆ ಇದು ಖುಷಿ ಕೊಡುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ತಟ್ಟೆಯಲ್ಲಿರುವ ಸಿಗಡಿಗೆ ಜೇಡಕ್ಕಿಂತ ಮಿಡತೆಯೇ ಹತ್ತಿರದ ನೆಂಟ. ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ವರ್ಗೀಕರಣ ಮುಗಿದುಹೋದ ಪಟ್ಟಿ ಅಲ್ಲ. ಯಾರು ಯಾರ ವಂಶ ಎಂಬ ವಾದ ಅದು, ಸಾಕ್ಷಿ ಬದಲಾದರೆ ತೀರ್ಪೂ ಬದಲಾಗುತ್ತದೆ.

ಹೋಟೆಲ್ ಉದ್ಯಮದವರು ಇಲ್ಲಿ ತುಂಬ ಜನ ಇದ್ದೀರಿ, ಹಾಗಾಗಿ ಜಿರಳೆ ಬಗ್ಗೆ ಮಾತನಾಡದಿದ್ದರೆ ಹೇಗೆ. ಗೆದ್ದಲು ಮತ್ತು ಇರುವೆ ಅಣ್ಣತಮ್ಮಂದಿರು ಎಂದು ಬಹಳ ಜನ ತಿಳಿದಿದ್ದಾರೆ. ಎರಡೂ ಗೂಡು ಕಟ್ಟುತ್ತವೆ, ಎರಡಕ್ಕೂ ರಾಣಿ ಇದೆ. ಆದರೆ ಇರುವೆ ಕಣಜದ ಮನೆತನ. ಗೆದ್ದಲು ಜಿರಳೆಯ ಮನೆತನ. ನೆಂಟ ಅಂತಲೂ ಅಲ್ಲ, ಗೆದ್ದಲು ಅಂದರೆ ಗುಂಪಾಗಿ ಬದುಕಲು ಕಲಿತ ಜಿರಳೆಯೇ. ಮರ ತಿನ್ನುವ ಒಂದು ಜಾತಿಯ ಕಾಡು ಜಿರಳೆ ಇದೆ, ಅದರ ಹೊಟ್ಟೆಯಲ್ಲಿ ಮರ ಅರಗಿಸುವ ಸೂಕ್ಷ್ಮಜೀವಿಗಳಿವೆ, ಅದೇ ಥರದವು ಗೆದ್ದಲಿನ ಹೊಟ್ಟೆಯಲ್ಲೂ ಇವೆ. ಆಸ್ಟ್ರೇಲಿಯಾದ ಒಂದು ಹಳೆಯ ಗೆದ್ದಲು ಇವತ್ತಿಗೂ ಜಿರಳೆಯ ಹಾಗೆ ಮೊಟ್ಟೆಗಳನ್ನು ಅಂಟಿಸಿ ಕಟ್ಟಾಗಿ ಇಡುತ್ತದೆ. ಗೆದ್ದಲಿಗೆ ಬಹಳ ಕಾಲ ಒಂದು ಪ್ರತ್ಯೇಕ ಗಣ, ಅಂದರೆ ಆರ್ಡರ್, ಇತ್ತು. 2007ರಲ್ಲಿ ಡಿಎನ್‌ಎ ನೋಡಿದವರು ಆ ಗಣವನ್ನು ತೆಗೆದು ಜಿರಳೆಗಳ ಗಣದೊಳಗೆ ಸೇರಿಸಿ ಎಂದರು, ಈಗ ಬಹುತೇಕ ಎಲ್ಲರೂ ಒಪ್ಪಿದ್ದಾರೆ. ಮೊದಲ ಮಳೆಗೆ ದೀಪದ ಸುತ್ತ ಮಳೆಹುಳ ಏಳುತ್ತದಲ್ವಾ, ಅದು ರೆಕ್ಕೆ ಬಂದ ಗೆದ್ದಲೇ, ಹಿಡಿದು ನೋಡಿ. ನಾಲ್ಕು ರೆಕ್ಕೆಯೂ ಒಂದೇ ಅಳತೆ, ಸೊಂಟ ಸಣ್ಣದಾಗಿಲ್ಲ, ಮೀಸೆ ನೆಟ್ಟಗಿದೆ. ಇರುವೆಗೆ ಸೊಂಟ ಸಣ್ಣ, ಮೀಸೆ ಮೊಣಕೈ ಹಾಗೆ ಬಾಗಿದೆ. ಲೆನ್ಸೂ ಬೇಡ ಇದಕ್ಕೆ.

ಅಡುಗೆಮನೆಯ ಸಣ್ಣ ಕಂದು ಜಿರಳೆಯನ್ನು ಜರ್ಮನ್ ಜಿರಳೆ ಎನ್ನುತ್ತಾರೆ. ಹೆಸರಿಟ್ಟವರು ಲಿನಿಯಸ್, 1767ರಲ್ಲಿ. ಪಾಪ, ಜರ್ಮನಿಯವರದ್ದು ಏನೂ ತಪ್ಪಿಲ್ಲ. 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಲವು ದೇಶಗಳ ಜಿರಳೆಗಳ ಡಿಎನ್‌ಎ ಹೋಲಿಸಿ ನೋಡಿದರು. ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರಿನ ಕಡೆ ಒಂದು ಏಷ್ಯಾದ ಜಿರಳೆಯಿಂದ ಕವಲೊಡೆದದ್ದು ಎಂದು ತಿಳಿಯಿತು. ನಮ್ಮ ಹೊಲ, ಹಿತ್ತಲಿನಿಂದಲೇ ಮನೆಯೊಳಗೆ ಬಂದು, ಹಡಗು ಹತ್ತಿ ಜಗತ್ತು ಸುತ್ತಿದೆ.

ಈಗ ಈ ಊರಿನದೇ ವಿಷಯ. ಇದನ್ನು ಹೇಳದೆ ಕೆಳಗಿಳಿಯುವುದಿಲ್ಲ, ಗಡಿಯಾರ ತೋರಿಸಬೇಡಿ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಬಂದಿದೆ ಎಂದು ಮೊದಲು ಗುರುತಿಸಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಾಸ್. ಎರಡು ವರ್ಷದಲ್ಲಿ ಹುಬ್ಬಳ್ಳಿ, ಬೆಂಗಳೂರು ತಲುಪಿತು. ನಮ್ಮ ಊರುಗಳಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲೇ. 1898ರಲ್ಲಿ ಕರಾಚಿಯಲ್ಲಿ ಸಿಮೋಂ ಎಂಬ ಫ್ರೆಂಚ್ ವೈದ್ಯ, ಇಲಿಯಿಂದ ಇಲಿಗೆ ರೋಗ ಒಯ್ಯುವುದು ಚಿಗಟ ಎಂದು ತೋರಿಸಿದ. ಬಹಳ ಜನ ನಂಬಲಿಲ್ಲ. ಮುಂದೆ ಇಲ್ಲೇ ಪರೇಲಿನ ಪ್ರಯೋಗಾಲಯದಲ್ಲಿ, ಈಗಿನ ಹಾಫ್‌ಕಿನ್ ಸಂಸ್ಥೆಯ ಜಾಗದಲ್ಲಿ, ಗ್ಲೆನ್ ಲಿಸ್ಟನ್ ಮತ್ತು ಪ್ಲೇಗ್ ಆಯೋಗದವರು ಅದನ್ನು ಸಂಶಯವಿಲ್ಲದಂತೆ ಸಾಬೀತು ಮಾಡಿದರು.

ಆದರೆ ಒಂದು ಒಗಟು ಉಳಿಯಿತು. ಮದ್ರಾಸಿನಲ್ಲೂ ಬಂದರಿತ್ತು, ಇಲಿ ಇತ್ತು, ಚಿಗಟ ಇತ್ತು. ಮುಂಬೈಯಲ್ಲಿ ಸತ್ತ ಹಾಗೆ ಅಲ್ಲಿ ಜನ ಸಾಯಲಿಲ್ಲ. ಏಕೆ? ಉತ್ತರ ಬಂದದ್ದು ವರ್ಗೀಕರಣದಿಂದ. ಇಲಿಯ ಮೈಮೇಲಿನ ಚಿಗಟವನ್ನು ಎಲ್ಲರೂ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದರು, ಝೆನೋಪ್ಸಿಲ್ಲಾ ಕಿಯೋಪಿಸ್ ಎಂದು. 1911ರಲ್ಲಿ ಇಂಗ್ಲೆಂಡಿನ ಚಿಗಟ ತಜ್ಞ ರಾತ್ಸ್‌ಚೈಲ್ಡ್ ಅದರ ಹಾಗೇ ಕಾಣುವ ಇನ್ನೊಂದು ಜಾತಿಯನ್ನು ಬೇರೆ ಮಾಡಿ ಆಸ್ಟಿಯಾ ಎಂದು ಹೆಸರಿಟ್ಟ. ಬರಿಗಣ್ಣಿಗೆ ವ್ಯತ್ಯಾಸವೇ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಹೊಟ್ಟೆಯ ತುದಿಯ ಅಂಗಗಳನ್ನು ನೋಡಿದರೆ ಮಾತ್ರ ತಿಳಿಯುತ್ತದೆ. ಕೊಲಂಬೋದಲ್ಲಿದ್ದ ಫೇಬಿಯನ್ ಹರ್ಸ್ಟ್ ಎಂಬ ವೈದ್ಯ ಅಲ್ಲಿಯ ಚಿಗಟಗಳನ್ನು ಹೀಗೆ ಒಂದೊಂದಾಗಿ ನೋಡಿದ. ಹೆಚ್ಚಿನವು ಆಸ್ಟಿಯಾ. ಮದ್ರಾಸಿನಲ್ಲೂ ಅದೇ. ಮುಂಬೈಯಲ್ಲಿ ಕಿಯೋಪಿಸ್. ಪ್ಲೇಗ್ ಹರಡುವುದರಲ್ಲಿ ಆಸ್ಟಿಯಾ ಬಹಳ ದುರ್ಬಲ, ಕಿಯೋಪಿಸ್ ನಿಪುಣ. ಹವೆ ಕೂಡ ಒಂದು ಕಾರಣ, ಆದರೆ ಚಿಗಟದ ಜಾತಿ ದೊಡ್ಡ ಕಾರಣ.

ಕಿಯೋಪಿಸ್ ಏಕೆ ನಿಪುಣ? ಅದೂ ಬಾಯಿಯ ಕಥೆಯೇ, ಬಾಯಿಯ ಸ್ವಲ್ಪ ಒಳಗೆ. 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ತೋರಿಸಿದರು. ಪ್ಲೇಗಿನ ಬ್ಯಾಕ್ಟೀರಿಯಾ ಚಿಗಟದ ಜಠರದ ಬಾಗಿಲಲ್ಲೇ ಗಡ್ಡೆಕಟ್ಟಿ ದಾರಿ ಮುಚ್ಚಿಬಿಡುತ್ತದೆ. ಚಿಗಟ ರಕ್ತ ಹೀರುತ್ತದೆ, ಒಳಗೆ ಹೋಗುವುದಿಲ್ಲ. ಹಸಿವು ತಾಳಲಾರದೆ ಮತ್ತೆ ಮತ್ತೆ ಕಚ್ಚುತ್ತದೆ, ಪ್ರತಿ ಸಲ ಬ್ಯಾಕ್ಟೀರಿಯಾ ಬೆರೆತ ರಕ್ತವನ್ನು ಗಾಯಕ್ಕೇ ವಾಪಸ್ ಕಕ್ಕುತ್ತದೆ. ಎರಡು ಚಿಗಟಗಳ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸ ಎರಡು ನಗರಗಳ ಹಣೆಬರಹವನ್ನು ಬೇರೆ ಮಾಡಿತು. ಇದನ್ನು ಕಂಡುಹಿಡಿಯಲು ಯಾರೋ ಒಬ್ಬ ಚಿಗಟಗಳನ್ನು ಗಾಜಿನ ಮೇಲೆ ಇಟ್ಟು, ಕಣ್ಣು ನೋಯುವ ತನಕ ನೋಡಬೇಕಾಯಿತು. ಈಗ ಅಂಥ ಕಣ್ಣುಗಳು ಕಡಿಮೆಯಾಗುತ್ತಿವೆ. ಕಾಲೇಜುಗಳಲ್ಲಿ ಹುಳ ಗುರುತಿಸುವುದನ್ನು ಕಲಿಸುವವರು ನಿವೃತ್ತರಾದರೆ ಆ ಜಾಗಕ್ಕೆ ಬರುವವರು ಬೇರೆ ವಿಷಯದವರು. ನನಗೆ ಇದು ತುಂಬ ನೋವಿನ ಸಂಗತಿ.

ನಮ್ಮ ಉತ್ತರ ಕನ್ನಡಕ್ಕೂ ಈ ಊರಿಗೂ ಹುಳಗಳ ನಂಟಿದೆ. ಆಗ ಆ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1883ರಲ್ಲಿ ಇಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬ ಎಡ್ವರ್ಡ್ ಏಟ್ಕನ್, ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ, ಹುಟ್ಟಿದ್ದು ಸಾತಾರದಲ್ಲಿ. ಅವನು, ಡೇವಿಡ್‌ಸನ್, ಕಾರವಾರದ ಅರಣ್ಯಾಧಿಕಾರಿ ಬೆಲ್, ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ 1896ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಚಿಟ್ಟೆ ಹಿಡಿದು ಪಿನ್ನು ಚುಚ್ಚುವುದಷ್ಟೇ ಮಾಡಲಿಲ್ಲ. ಮರಿಗಳನ್ನು ಸಾಕಿದರು, ಯಾವ ಗಿಡ ತಿನ್ನುತ್ತದೆ, ಕೋಶ ಹೇಗೆ ಕಟ್ಟುತ್ತದೆ ಎಂದು ಬರೆದಿಟ್ಟರು. ನಾನು ಆಗ ಹೇಳಿದೆನಲ್ಲ, ಬೆಳೆಯುವ ರೀತಿಯನ್ನೂ ನೋಡಬೇಕು ಅಂತ. ಮೊಟ್ಟೆ, ಮರಿ, ಕೋಶ, ಪ್ರೌಢ, ಈ ನಾಲ್ಕು ಹಂತ ಇರುವ ಕೀಟಗಳೆಲ್ಲ ಒಂದೇ ದೊಡ್ಡ ವಂಶ. ದುಂಬಿ, ಚಿಟ್ಟೆ, ನೊಣ, ಜೇನು, ಚಿಗಟ ಎಲ್ಲ ಅದರಲ್ಲಿ. ಜಗತ್ತಿನ ಕೀಟ ಜಾತಿಗಳಲ್ಲಿ ಬಹುಪಾಲು ಇವೇ. ಬೆಲ್ ನಿವೃತ್ತಿಯಾದ ಮೇಲೂ ಕಾರವಾರದಲ್ಲೇ ಉಳಿದ, 1948ರಲ್ಲಿ ಅಲ್ಲೇ ತೀರಿಕೊಂಡ. ಏಟ್ಕನ್ ಗೋವಾ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯಾ ಏಕೆ ಜಾಸ್ತಿ ಎಂದು ನೋಡಲು ಹೋದಾಗ ಒಂದು ಹೊಸ ಅನಾಫಿಲಿಸ್ ಸೊಳ್ಳೆ ಸಿಕ್ಕಿತು, ಅದಕ್ಕೆ ಅವನ ಹೆಸರನ್ನೇ ಇಟ್ಟರು.

ಸೊಳ್ಳೆಯ ಬಗ್ಗೆ ಬಹಳ ಇಟ್ಟುಕೊಂಡಿದ್ದೆ, ಸಮಯ ಇಲ್ಲ. ಒಂದೇ ಮಾತು. ಈ ಊರಿನ ಮಲೇರಿಯಾ ಸೊಳ್ಳೆ ಸ್ಟೀಫೆನ್ಸಿ, ಅದನ್ನು 1901ರಲ್ಲಿ ವರ್ಣಿಸಿದವನೂ ಪ್ಲೇಗಿನ ಅದೇ ಲಿಸ್ಟನ್. ಗಟಾರದಲ್ಲಿ ಅಲ್ಲ, ತಾರಸಿಯ ಟ್ಯಾಂಕಿಯಲ್ಲಿ, ಬಾವಿಯಲ್ಲಿ, ಶುದ್ಧ ನೀರಿನಲ್ಲಿ ಮರಿ ಹಾಕುತ್ತದೆ. ಗಟಾರದ್ದು ಬೇರೆ ಸೊಳ್ಳೆ. ಟ್ಯಾಂಕಿಯ ಮುಚ್ಚಳ ತೆರೆದಿಟ್ಟು ಗಟಾರಕ್ಕೆ ಹೊಗೆ ಬಿಟ್ಟರೆ ಮಲೇರಿಯಾ ಹೋಗುವುದಿಲ್ಲ.

ಕಾಲು ಎಣಿಸುವುದರಲ್ಲೂ ಒಂದು ಎಚ್ಚರಿಕೆ. ಊರಿಗೆ, ಶಿವಮೊಗ್ಗ, ಸಾಗರದ ಕಡೆಗೆ ಹೋಗುವವರು ಕೇಳಿಸಿಕೊಳ್ಳಿ. ಮಂಗನ ಕಾಯಿಲೆ ಹರಡುವುದು ಉಣುಗು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಆ ವೈರಸ್ಸನ್ನು ಪತ್ತೆ ಮಾಡಿದ್ದು ಪುಣೆಯ ಪ್ರಯೋಗಾಲಯ, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಉಣುಗು ಕೀಟ ಅಲ್ಲ, ಜೇಡದ ಕಡೆಯದ್ದು, ಎಂಟು ಕಾಲು. ಆದರೆ ಮೊಟ್ಟೆಯಿಂದ ಬಂದ ಮರಿಗೆ ಆರೇ ಕಾಲು! ಕಾಲು ಎಣಿಸಿ ಕೀಟ ಎಂದು ಬಿಟ್ಟರೆ ತಪ್ಪುತ್ತೀರಿ. ಮೀಸೆ ಇದೆಯಾ ನೋಡಿ, ಉಣುಗಿಗೆ ಮೀಸೆ ಇರುವುದಿಲ್ಲ. ಬಾಯಿ ನೋಡಿದರೆ ಇನ್ನೂ ಸ್ಪಷ್ಟ, ಹಿಮ್ಮುಖ ಹಲ್ಲುಗಳ ಒಂದು ಗೂಟ.

ಎರಡು ನಿಮಿಷ ಎಂದು ಚೀಟಿ ಬಂದಿದೆ. ಹೇನುಗಳು ಈಗ ಪುಸ್ತಕದ ಹೇನಿನ ಗಣದೊಳಗೆ ಸೇರಿವೆ, ಚಿಗಟದ ಮನೆತನದ ಬಗ್ಗೆ ಹೊಸ ವಾದ ನಡೆದಿದೆ, ಅವನ್ನು ಬಿಡುತ್ತೇನೆ. 2002ರಲ್ಲಿ ನಮೀಬಿಯಾ ಕಡೆ ಒಂದು ಇಡೀ ಹೊಸ ಗಣವೇ ಸಿಕ್ಕಿತು, ಮ್ಯಾಂಟೋಫ್ಯಾಸ್ಮಟೋಡಿಯಾ. ಜಾತಿ ಅಲ್ಲ, ಕುಟುಂಬ ಅಲ್ಲ, ಗಣ! ದುಂಬಿಗಳೆಲ್ಲ ಸೇರಿ ಒಂದು ಗಣ ಎಂದರೆ ಅದು ಎಷ್ಟು ದೊಡ್ಡ ಸುದ್ದಿ ಎಂದು ತಿಳಿಯುತ್ತದೆ. ಇದುವರೆಗೆ ಹೆಸರಿಟ್ಟ ಕೀಟಗಳು ಸುಮಾರು 10 ಲಕ್ಷ, ಹೆಸರಿಲ್ಲದವು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬೊರಿವಲಿಯ ಕಾಡಿನಲ್ಲಿ, ಆರೆಯಲ್ಲಿ, ನಿಮ್ಮ ಕಟ್ಟಡದ ಹಿಂದಿನ ಕಾಂಪೌಂಡ್ ಗೋಡೆಯ ಪಾಚಿಯಲ್ಲಿ ಏನಿದೆ ಎಂದು ಯಾರೂ ಪೂರ್ತಿ ನೋಡಿಲ್ಲ.

ಬಾಗಿಲ ಹತ್ತಿರದ ಮೇಜಿನ ಮೇಲೆ ಕೆಲವು ಲೆನ್ಸ್ ಇಟ್ಟಿದ್ದೇನೆ, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವಂಥವು. ಪಕ್ಕದ ಡಬ್ಬಿಗಳಲ್ಲಿ ಒಂದರಲ್ಲಿ ಸ್ಪ್ರಿಂಗ್‌ಟೇಲ್, ಒಂದರಲ್ಲಿ ಬೆಳ್ಳಿಹುಳ, ಒಂದರಲ್ಲಿ ಮಳೆಹುಳದ ರೆಕ್ಕೆ ಇದೆ. ಮಕ್ಕಳನ್ನು ಮೊದಲು ಬಿಡಿ. ಸ್ಪ್ರಿಂಗ್‌ಟೇಲಿನ ಡಬ್ಬಿಯ ಮುಚ್ಚಳ ಮಾತ್ರ ಯಾರೂ ತೆಗೆಯಬೇಡಿ, ಹಾರಿದರೆ ಈ ಹಾಲಿನಲ್ಲಿ ಹುಡುಕಲು ಆಗುವುದಿಲ್ಲ. ನಾನು ಅಲ್ಲೇ ನಿಂತಿರುತ್ತೇನೆ, ಪ್ರಶ್ನೆಗಳನ್ನು ಅಲ್ಲೇ ಕೇಳಿ.